ಬಾವಲಿಗೆ ಕಣ್ಣು ಕಾಣುತ್ತದೆ

ಏಪ್ರಿಲ್ 3, ಸೋಮವಾರ

ನನ್ನ ಜೊತೆಯ ಲೈಫ್‌ಗಾರ್ಡ್‌ಗೆ ಮೊಣಕಾಲಿನ ಆಪರೇಷನ್ ಆಯಿತು. ಎರಡು ತಿಂಗಳು ಬರುವುದಿಲ್ಲ. ಹನ್ನೊಂದು ವರ್ಷದಿಂದ ಈಜುಕೊಳದ ಆಳದ ತುದಿಯಲ್ಲಿ ಅವನ ಕುರ್ಚಿ, ಈ ತುದಿಯಲ್ಲಿ ನನ್ನದು. ಇನ್ನು ಎರಡಕ್ಕೂ ನಾನೊಬ್ಬನೇ. ಬದಲಿಗೆ ಯಾರನ್ನಾದರೂ ಕೊಡಿ ಎಂದು ಮ್ಯಾನೇಜರ ಹತ್ತಿರ ಹೋದೆ. "ಹುಡುಕ್ತಾ ಇದೀನಿ ಕಣ್ರೀ, ಲೈಫ್‌ಗಾರ್ಡ್‌ಗಳು ಏನು ಮರದಲ್ಲಿ ಬಿಡ್ತಾರಾ?" ಎಂದರು. ಇವತ್ತಿನಿಂದ ಶಾಲೆಗೆ ರಜೆ. ಸಂಜೆ ನಾಲ್ಕರಿಂದ ಐದರವರೆಗೆ ಈಜು ಕಲಿಯುವ ಮಕ್ಕಳ ಹೊತ್ತು. ಮೂವತ್ತೆರಡು ತಲೆಗೆ ಎರಡೇ ಕಣ್ಣು ಎಂದು ಲೆಕ್ಕ ಹೇಳಿದೆ. "ನಿಮ್ಮ ಎರಡು ಕಣ್ಣು ನಾಲ್ಕಕ್ಕೆ ಸಮ" ಎಂದು ಬೆನ್ನು ತಟ್ಟಿದರು. ನನ್ನ ಕರಾರು ಈ ತಿಂಗಳ ಮೂವತ್ತಕ್ಕೆ ಮುಗಿಯುತ್ತದೆ, ಆದ್ದರಿಂದ ಹೆಚ್ಚು ಮಾತಾಡಲಿಲ್ಲ.

ಸಾಲದು ಎಂಬಂತೆ ಇನ್ನೊಂದು ಕೆಲಸವನ್ನೂ ಕೊರಳಿಗೆ ಕಟ್ಟಿದರು. ಕೊಳಕ್ಕೆ ಬರುವವರದು, ಮಕ್ಕಳ ತಂದೆತಾಯಿಯರದು ಸೇರಿ ಫೋನಿನಲ್ಲಿ ಒಂದು ಗುಂಪಿದೆ, 'ಕೊಳದ ಬಳಗ' ಅಂತ. ನೂರ ಅರವತ್ತು ಜನ. ಅದಕ್ಕೆ ನನ್ನನ್ನು ಸೇರಿಸಿ, "ಯಾರಾದ್ರೂ ದೂರು ಹಾಕಿದ್ರೆ ತಕ್ಷಣ ಉತ್ತರ ಕೊಟ್ಬಿಡಿ. ಇಲ್ಲಾಂದ್ರೆ ಮೇಲಿನೋರಿಗೆ ಬರೀತಾರೆ" ಎಂದರು.

ಸೇರಿ ಹತ್ತು ನಿಮಿಷವಾಗಿಲ್ಲ, ಒಬ್ಬರ ದೂರು ಬಂತು. ಮಗಳ ಕಣ್ಣು ಕೆಂಪಾಗಿದೆ, ಕ್ಲೋರಿನ್ ಘಾಟು ಮೂಗಿಗೆ ಹೊಡೆಯುತ್ತದೆ, ಹಾಕುವುದನ್ನು ಕಡಿಮೆ ಮಾಡಿ ಎಂದು. ಇದು ಲೋಕದಲ್ಲೆಲ್ಲ ಇರುವ ತಪ್ಪು ಕಲ್ಪನೆ. ಆ ಘಾಟು ಬರೀ ಕ್ಲೋರಿನ್ನದಲ್ಲ, ನೀರಿಗೆ ಬಿದ್ದ ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಹುಟ್ಟುವುದು. ಅದನ್ನೇ ಬರೆದು, ದಯವಿಟ್ಟು ಮಕ್ಕಳನ್ನು ನೀರಿಗೆ ಇಳಿಸುವ ಮುಂಚೆ ಮೂತ್ರಕ್ಕೆ ಕಳಿಸಿ ಎಂದು ಸೇರಿಸಿದೆ. ಐದು ನಿಮಿಷ ಇಡೀ ಬಳಗ ಗಪ್‌ಚಿಪ್. ಆಮೇಲೆ ಇಪ್ಪತ್ತೆರಡು ಹೆಬ್ಬೆಟ್ಟು ಬಂದವು. ಖುಷಿಯಾಯಿತು, ಯಾಕೆ ಸುಳ್ಳು ಹೇಳಲಿ.

ಮನೆಗೆ ಬಂದು ಇವಳಿಗೆ ಎಲ್ಲವನ್ನೂ ಎರಡು ಸಲ ಹೇಳಿದೆ. ಬೇಕರಿಯ ಗಲ್ಲಾದಲ್ಲಿ ದಿನವೆಲ್ಲ ನಿಂತು ಬಂದವಳು. "ರೀ, ನನ್ನ ತಲೆ ತಿನ್ನೋ ಬದಲು ಒಂದು ಪುಸ್ತಕದಲ್ಲಿ ಬರೆದಿಡಿ" ಎಂದಳು. ಬರೆಯುತ್ತಿದ್ದೇನೆ.

ಏಪ್ರಿಲ್ 5, ಬುಧವಾರ

ಬಳಗದಲ್ಲಿ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು ಇದ್ದಾರೆ. ದಿನಾ ನಾಲ್ಕಕ್ಕೆ ಮೊಮ್ಮಗಳನ್ನು ಕರೆದುಕೊಂಡು ಬಂದು ಗ್ಯಾಲರಿಯ ಮೂರನೇ ಬೆಂಚಿನಲ್ಲಿ ಕೂರುತ್ತಾರೆ. ಏಳು ವರ್ಷದ ಹುಡುಗಿ, ಕಾಲು ಅಗಲಿಸಿ ಈಜುವುದರಿಂದ ಮಕ್ಕಳೆಲ್ಲ ಅವಳನ್ನು ಕಪ್ಪೆಮರಿ ಎನ್ನುತ್ತವೆ, ಅವಳೂ ಆ ಹೆಸರಿಗೇ ತಿರುಗಿ ನೋಡುತ್ತಾಳೆ. ಮೇಷ್ಟ್ರ ಮಗ ಹಡಗಿನ ಕೆಲಸದಲ್ಲಿ ಆರು ತಿಂಗಳು ದೂರ, ಸೊಸೆಗೆ ಕೊರಿಯರ್ ಆಫೀಸು. ಹಾಗಾಗಿ ಕಪ್ಪೆಮರಿಯ ಸಂಜೆಯೆಲ್ಲ ಅಜ್ಜನ ಪಾಲಿಗೆ.

ಊಟವಾಗಿ ಒಂದು ಗಂಟೆ ನೀರಿಗಿಳಿಯಬಾರದು, ಸ್ನಾಯು ಸೆಟೆದು ಮುಳುಗುತ್ತಾರೆ ಎಂದು ಮೇಷ್ಟ್ರು ಹಾಕಿದ್ದರು. ಹಾಗೆ ಮುಳುಗಿದವರನ್ನು ಯಾರೂ ತೋರಿಸಿಲ್ಲ, ಹೊಟ್ಟೆ ಭಾರವಾಗಿ ಆಲಸ್ಯವಾಗಬಹುದು ಅಷ್ಟೇ ಎಂದು ನಾನು ಬರೆದೆ. "ನಲವತ್ತು ವರ್ಷ ಪಾಠ ಮಾಡಿದೀನಿ" ಎಂದು ಉತ್ತರ. ಪಾಠ ಮಾಡಿದ್ದು ಗಣಿತ, ಹೊಟ್ಟೆಯದ್ದಲ್ಲ ಎಂದು ನಾನು. ಹನ್ನೊಂದು ಜನ ನಕ್ಕರು. ಮೇಷ್ಟ್ರು ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

ಇದೆಲ್ಲ ಮನೆಗೆ ಬಂದ ಮೇಲೆ. ಕೊಳದಲ್ಲಿರುವಾಗ ಫೋನು ಸಿಬ್ಬಂದಿ ಕೋಣೆಯ ಬೀರುವಿನಲ್ಲಿ. ಅದು ಕಾಯಿದೆ, ನಾನು ಮುರಿದವನಲ್ಲ.

ಏಪ್ರಿಲ್ 9, ಭಾನುವಾರ

ಮಧ್ಯಾಹ್ನ ಯಾರೋ ಶೌಚಾಲಯದ ನಲ್ಲಿ ಸೋರುತ್ತಿದೆ ಎಂದು ಬಳಗಕ್ಕೆ ಚಿತ್ರ ಹಾಕಿದ್ದರು. ನಾನು ನೋಡಿದ್ದು ಮೂರು ಗಂಟೆ ಕಳೆದ ಮೇಲೆ. ಅಷ್ಟರಲ್ಲಿ ನಲವತ್ತು ಜನ ಬೈದಾಗಿತ್ತು. ಮ್ಯಾನೇಜರು ಕೆಂಡವಾದರು. "ಫೋನ್ ಜೊತೇಲೇ ಇಟ್ಕೊಳಿ. ದೂರು ಮಾತ್ರ ನೋಡಿ, ಅಷ್ಟೇ." ನಾನು ಕಾಯಿದೆಯ ಮಾತೆತ್ತಿದೆ. "ಕಾಯಿದೆ ಬರೆದೋರು ಗುಂಪಲ್ಲಿ ಉತ್ತರ ಕೊಡ್ತಾರಾ?" ಎಂದರು. ಹಾಗಾಗಿ ನಾಳೆಯಿಂದ ಫೋನು ಕುರ್ಚಿಯ ಪಕ್ಕದ ಚೀಲದಲ್ಲಿ, ದೂರಿಗೆ ಮಾತ್ರ.

ಸಂಜೆ ಒಂದು ಒಳ್ಳೆಯ ಕೆಲಸ ಮಾಡಿದೆ. ಮುಳುಗುವವರು ಕೈ ಬೀಸಿ ಕಾಪಾಡಿ ಎಂದು ಕೂಗುತ್ತಾರೆ ಎಂಬುದು ಸಿನಿಮಾದವರು ಕಲಿಸಿದ ಸುಳ್ಳು. ಮುಳುಗುವವನಿಗೆ ಉಸಿರಿಗೇ ಗತಿಯಿಲ್ಲ, ಕೂಗಿಗೆ ಎಲ್ಲಿಂದ ತರುತ್ತಾನೆ? ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗುತ್ತದೆ. ಕೈ ಮೇಲೇಳುವುದಿಲ್ಲ, ನೀರನ್ನು ಕೆಳಕ್ಕೆ ಒತ್ತುತ್ತದೆ. ಸದ್ದಿಲ್ಲದೆ, ಒಂದು ನಿಮಿಷದೊಳಗೆ ಮುಗಿದುಹೋಗುತ್ತದೆ. ಇದನ್ನು ಉದ್ದಕ್ಕೆ ಬರೆದು ಹಾಕಿದೆ.

ಮೊದಲು ತಕರಾರು ತೆಗೆದದ್ದು ಟೈಲರಮ್ಮ. ನೀರಿನಂಚಿನ ಮೆಟ್ಟಿಲ ಮೇಲೆ ಕೂತು, ಮಗ ಈಜುವಷ್ಟು ಹೊತ್ತೂ ಯಾರದೋ ಲಂಗಕ್ಕೆ ಅಂಚು ಹೊಲಿಯುವ ಹೆಂಗಸು. "ನನ್ನ ಮಗ ಇರುವೆ ಕಚ್ಚಿದ್ರೆ ಮೂರು ಬೀದಿಗೆ ಕೇಳೋ ಹಾಗೆ ಕೂಗ್ತಾನೆ. ಮುಳುಗಿದ್ರೆ ಸುಮ್ನಿರ್ತಾನಾ? ನಾನಂತೂ ನಂಬಲ್ಲ" ಎಂದು ಬರೆದರು. ಆರು ಸಾಲಿನ ಉತ್ತರ ಕೊಟ್ಟೆ, ಸ್ವಲ್ಪ ಖಾರವಾಗಿಯೇ. ಆಕೆ ಮತ್ತೆ ಮಾತಾಡಲಿಲ್ಲ. ಗೆದ್ದೆ.

ಏಪ್ರಿಲ್ 12, ಬುಧವಾರ

ಚೀಲದಲ್ಲಿಟ್ಟರೆ ಗುಂಯ್ ಎಂದದ್ದು ದೂರೋ ಹರಟೆಯೋ ತಿಳಿಯುವುದಿಲ್ಲ. ಪ್ರತಿಸಲ ಬಗ್ಗಿ ತೆಗೆಯುವುದರಲ್ಲೇ ಹೆಚ್ಚು ಹೊತ್ತು ಹೋಗುತ್ತದೆ. ತೊಡೆಯ ಮೇಲಿಟ್ಟುಕೊಂಡರೆ ಕಣ್ಣಂಚಿನಲ್ಲೇ ಕಾಣುತ್ತದೆ, ಕೆಲಸಕ್ಕೂ ತೊಂದರೆಯಿಲ್ಲ. ಹಾಗೆ ಮಾಡಿದೆ.

ಮೇಷ್ಟ್ರು ಇವತ್ತು ಗೂಳಿಗೆ ಕೆಂಪು ಕಂಡರೆ ಕೋಪ ಎಂದು ಬರೆದಿದ್ದರು. ಗೂಳಿಗೆ ಕೆಂಪು ಬೇರೆಯಾಗಿ ಕಾಣುವುದೇ ಇಲ್ಲ, ಬಟ್ಟೆ ಅಲ್ಲಾಡಿಸುವುದಕ್ಕೆ ಅದು ನುಗ್ಗುವುದು ಎಂದು ಎರಡು ಸಾಲು ಹಾಕಿದೆ. ಎರಡು ಸಾಲಿಗೆ ಎಷ್ಟು ಹೊತ್ತು ಬೇಕು, ರೆಪ್ಪೆ ಮಿಟುಕಿಸುವಷ್ಟು. ಗ್ಯಾಲರಿಯಿಂದ ಮೇಷ್ಟ್ರು ಕೂಗಿದರು. "ರೀ ಗಾರ್ಡ್ ಸಾಹೇಬ್ರೆ! ಮೇಷ್ಟ್ರು ನಾನು, ಕೆಂಪು ಶಾಯಿ ಮಾತ್ರ ನಿಮ್ಮ ಕೈಲಿದೆಯಲ್ಲಾ!" ಸುತ್ತಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಈಗ ಬಳಗದಲ್ಲಿ ನನ್ನ ಅಡ್ಡಹೆಸರು ಕೆಂಪು ಶಾಯಿ.

ಊಟದ ಹೊತ್ತಿಗೂ ಒಂದಿಷ್ಟು ಉತ್ತರ ಬಾಕಿ ಇತ್ತು. ಇವಳು ಸಾರು ಬಡಿಸಿ ಎರಡು ಸಲ ಕರೆದಳಂತೆ. "ಬಾಯಿಗೆ ಬೀಗ ಹಾಕೋಕೆ ಆಗಲ್ಲ, ಬೆರಳಿಗಾದ್ರೂ ಹಾಕ್ಕೊಳಿ" ಎಂದು ಎದ್ದು ಹೋದಳು. ದಿನವಿಡೀ ಬ್ರೆಡ್ಡು ಬಿಸ್ಕತ್ತು ಎಣಿಸುವವಳಿಗೆ ತಿಳಿವಳಿಕೆ ಹಂಚುವ ಕಷ್ಟ ಹೇಗೆ ಗೊತ್ತಾಗಬೇಕು.

ಏಪ್ರಿಲ್ 15, ಶನಿವಾರ

ಇವತ್ತು ಒಟ್ಟು ಒಂಬತ್ತು ತಪ್ಪು ತಿದ್ದಿದೆ. ನಾಲ್ಕು ಕೊಳದ ಬಗ್ಗೆ, ಐದು ಹೊರಗಿನವು. ಮ್ಯಾನೇಜರಿಗೆ ನನ್ನ ಮೇಲೆ ಸಂತೋಷವಂತೆ.

ಏಪ್ರಿಲ್ 17, ಸೋಮವಾರ

ಮಕ್ಕಳ ಹೊತ್ತು ಮುಗಿದು ಕೊಳ ಖಾಲಿಯಾದಾಗ ಟೈಲರಮ್ಮ ಕುರ್ಚಿಯ ಕೆಳಗೆ ಬಂದು ನಿಂತರು.

"ಅಣ್ಣ, ಆವತ್ತು ಬರೆದ್ರಲ್ಲ, ಮುಳುಗೋರು ಹೇಗೆ ಕಾಣ್ತಾರೆ ಅಂತ. ಒಂದ್ಸಲ ಮಾಡಿ ತೋರಿಸ್ತೀರಾ?"

"ನಂಬಲ್ಲ ಅಂದಿದ್ರಿ?"

"ನೀವು ಬರೆದಿದ್ದು ಬೈಗುಳದ ಥರ ಇತ್ತು. ಬೈಗುಳ ಯಾರು ಓದ್ತಾರೆ? ತೋರಿಸಿ."

ಬಟ್ಟೆ ಬದಲಿಸಿ ಆಳದ ಕಡೆ ಇಳಿದೆ. ನೆಟ್ಟಗೆ ನಿಂತಂತೆ ನಿಂತು, ತಲೆ ಹಿಂದಕ್ಕೆ ವಾಲಿಸಿ, ಬಾಯಿ ನೀರಿಗೆ ಸಮ ಮಾಡಿ, ಕೈಗಳನ್ನು ಕೆಳಕ್ಕೆ ಒತ್ತಿದೆ. ಕಾಲು ಆಡಿಸಲಿಲ್ಲ. ಆಕೆ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದರು.

"ಏಣಿ ಹತ್ತೋ ಹಾಗೆ" ಎಂದರು. "ಕಾಣದೇ ಇರೋ ಏಣಿ. ಆಟ ಆಡ್ತಾ ಇದಾನೆ ಅಂತಲೇ ಅಂದ್ಕೋತಿದ್ದೆ ನಾನು."

"ಎಲ್ಲರೂ ಹಾಗೇ ಅಂದ್ಕೊಳ್ಳೋದು."

"ನನಗೆ ಈಜು ಬರಲ್ಲ. ಕಂಡ್ರೆ ನಾನೇನು ಮಾಡ್ಬೇಕು?"

ಗೋಡೆಯ ಮೇಲಿರುವ ಉದ್ದನೆಯ ಕೊಕ್ಕೆಕೋಲನ್ನು ತೋರಿಸಿ, ನೀರಿಗೆ ಹಾರಬೇಡಿ, ಕಂಕುಳಿಗೆ ಕೊಕ್ಕೆ ಸಿಕ್ಕಿಸಿ ಎಳೆಯಿರಿ ಎಂದೆ. ಕೋಲನ್ನು ಗೂಟದಿಂದ ಇಳಿಸಿ, ಭಾರ ನೋಡಿ, ಮತ್ತೆ ಸಿಕ್ಕಿಸಿದರು. ಅಷ್ಟು ಹೊತ್ತಿಗೆ ಬಳಗದಲ್ಲಿ ಹದಿನೇಳು ಸಂದೇಶ ಬಂದಿದ್ದವು. ಒಬ್ಬರಿಗೇ ಇಷ್ಟು ಸಮಯ ಕೊಟ್ಟರೆ ನೂರ ಅರವತ್ತು ಜನಕ್ಕೆ ಯಾವಾಗ ಹೇಳಿ ಮುಗಿಸುವುದು.

ಏಪ್ರಿಲ್ 20, ಗುರುವಾರ

ಮಗು ಬದುಕಿದೆ.

ಕಪ್ಪೆಮರಿ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡು ನೋಡುತ್ತಾರಂತೆ, ಏನೂ ಅಪಾಯವಿಲ್ಲವಂತೆ.

ಇವತ್ತು ಬರೆಯಲಾರೆ.

ಏಪ್ರಿಲ್ 21, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಈ ಪುಸ್ತಕವನ್ನು ನಾನಲ್ಲದೆ ಯಾರು ಓದುತ್ತಾರೆ.

ನಾಲ್ಕೂವರೆ ದಾಟಿತ್ತು. ಮೂವತ್ತು ಮಕ್ಕಳು ನೀರಿನಲ್ಲಿ. ತೇಲುಗುಂಡುಗಳ ಹಗ್ಗದ ಈಚೆಗೆ ಎದೆಮಟ್ಟದ ನೀರು, ಆಚೆಗೆ ಆಳ. ಮೇಷ್ಟ್ರು ಮೂರನೇ ಬೆಂಚಿನಲ್ಲಿ. ಫೋನು ಗುಂಯ್ ಎಂದಿತು. ಬಳಗದಲ್ಲಿ ಮೇಷ್ಟ್ರು, "ಬಾವಲಿಗೆ ಕಣ್ಣು ಕಾಣಲ್ಲ ಅನ್ನೋದು ಚಿಕ್ಕ ಮಕ್ಕಳಿಗೂ ಗೊತ್ತು, ಇದನ್ನೂ ತಿದ್ದುತ್ತೀರಾ ಕೆಂಪು ಶಾಯಿಗಳೇ?" ಎಂದು ಹಾಕಿದ್ದರು. ಬೇಕೆಂದೇ ಕೆಣಕಿದ್ದು. ನಾನು ಉತ್ತರ ಬರೆಯತೊಡಗಿದೆ. ಎಲ್ಲ ಬಾವಲಿಗೂ ಕಣ್ಣಿದೆ, ಹಣ್ಣು ತಿನ್ನುವ ದೊಡ್ಡ ಬಾವಲಿಗಳಂತೂ ಕಣ್ಣನ್ನೇ ನಂಬಿ ಹಾರುತ್ತವೆ, ಉಳಿದವು ಸದ್ದಿನ ಜೊತೆಗೆ ಕಣ್ಣನ್ನೂ ಬಳಸುತ್ತವೆ. ಕಳಿಸಿದೆ. ಓದಿದರೋ ಎಂದು ನೋಡುತ್ತಿದ್ದೆ.

"ಅಣ್ಣಾ!"

ಆ ದನಿ ಇನ್ನೂ ಕಿವಿಯಲ್ಲಿದೆ. ಟೈಲರಮ್ಮ ಅಂಚಿನಲ್ಲಿ ಮೊಣಕಾಲೂರಿದ್ದರು. ಕೊಕ್ಕೆಕೋಲು ಅವರ ಎರಡೂ ಕೈಯಲ್ಲಿ, ಕೋಲಿನ ಆ ತುದಿ ಹಗ್ಗದ ಆಚೆ. ಆ ತುದಿಯಲ್ಲಿ ಕಪ್ಪೆಮರಿಯ ಕೆಂಪು ಟೋಪಿ. ಸುತ್ತ ಮಕ್ಕಳು ನೀರೆರಚಿ ಆಡುತ್ತಿದ್ದವು, ಒಂದಕ್ಕೂ ಗೊತ್ತಾಗಿರಲಿಲ್ಲ. ನಾನು ಹಾರಿದೆ. ಕೊಕ್ಕೆ ಕಂಕುಳಲ್ಲಿ ಭದ್ರವಾಗಿ ಸಿಕ್ಕಿತ್ತು, ಮುಖ ಆಗಲೇ ನೀರಿನಿಂದ ಮೇಲೆ ಬಂದಿತ್ತು. ನಾನು ಮಾಡಿದ್ದು ಎತ್ತಿ ಅಂಚಿಗೆ ಹಾಕಿದ್ದು, ಮಗ್ಗುಲಾಗಿಸಿದ್ದು. ಕೆಮ್ಮಿದಳು, ಕಕ್ಕಿದಳು, ಅತ್ತಳು.

ಕೂಗು ಕೇಳಿ ಎಲ್ಲರೂ ತಿರುಗಿದಾಗ ಅವರಿಗೆ ಕಂಡದ್ದು, ಒದ್ದೆಯಾದ ನಾನು ಮಗುವನ್ನು ತೋಳಲ್ಲಿ ಹೊತ್ತು ನೀರಿನಿಂದ ಏಳುವುದು. ಯಾರೋ ಅದರ ಚಿತ್ರ ತೆಗೆದರು. ಟೈಲರಮ್ಮ ಕೋಲನ್ನು ಗೂಟಕ್ಕೆ ಸಿಕ್ಕಿಸಿ ಮಗನಿಗೆ ಟವೆಲ್ ಸುತ್ತುತ್ತಿದ್ದರು. ಮೇಷ್ಟ್ರು ಗ್ಯಾಲರಿಯ ಮೆಟ್ಟಿಲಿಳಿಯುವಾಗ ಬಿದ್ದು ಎದ್ದು ಬಂದರು. ಕೈಯಲ್ಲಿ ಇನ್ನೂ ಫೋನು.

ಏಪ್ರಿಲ್ 22, ಶನಿವಾರ

ಆ ಚಿತ್ರ ಬಳಗದಲ್ಲಿ ಓಡಾಡುತ್ತಿದೆ. ನಮ್ಮ ಕೆಂಪು ಶಾಯಿ, ನಮ್ಮ ಹೀರೋ. ಹದ್ದಿನ ಕಣ್ಣು ಅಂದರೆ ಇದು. ಒಂದು ಕ್ಷಣ ತಡವಾಗಿದ್ದರೆ ಏನು ಗತಿ. ಇನ್ನೂರಕ್ಕೂ ಹೆಚ್ಚು ಸಾಲುಗಳು. ಟೈಲರಮ್ಮನ ಹೆಸರು ಒಂದರಲ್ಲೂ ಇಲ್ಲ, ಆಕೆಯೂ ಏನೂ ಬರೆದಿಲ್ಲ.

ಬಾವಲಿಯ ಬಗ್ಗೆ ಬರೆದದ್ದನ್ನು ಬೆಳಿಗ್ಗೆ ಅಳಿಸಿದೆ. ಅದರ ಪಕ್ಕದಲ್ಲಿ ಗಂಟೆ ನಿಮಿಷ ತೋರಿಸುತ್ತಿತ್ತು, ನಾಲ್ಕು ಮೂವತ್ತೇಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಿದ್ದರು. ಈಗ ಆಡಿದ ಮಾತನ್ನೂ ಎಲ್ಲರ ಫೋನಿನಿಂದ ಒರೆಸಿಬಿಡಬಹುದು.

ಮ್ಯಾನೇಜರು ಕೋಣೆಗೆ ಕರೆದು ಕುರ್ಚಿ ಕೊಟ್ಟರು. ಇಷ್ಟು ವರ್ಷದಲ್ಲಿ ಮೊದಲ ಸಲ. ಮೇಲಿನವರು ಪ್ರಶಂಸಾಪತ್ರ ಕಳಿಸುತ್ತಾರಂತೆ. ಕರಾರು ಎರಡು ವರ್ಷಕ್ಕೆ ಮುಂದುವರಿಯುತ್ತದೆ, ಶುಕ್ರವಾರ ಸಹಿ ಹಾಕಿದರೆ ಸಾಕು. "ಒಬ್ರೇ ಇದ್ರೂ ಹೇಗೆ ಸಂಭಾಳಿಸಿದ್ರಿ ನೋಡಿ" ಎಂದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಇವಳು ಬೇಕರಿಯಿಂದ ಕೇಕು ತಂದಿದ್ದಳು. ತಿಂದೆ.

ಏಪ್ರಿಲ್ 24, ಸೋಮವಾರ

ಟೈಲರಮ್ಮ ಎಂದಿನಂತೆ ಮೆಟ್ಟಿಲ ಮೇಲೆ ಹೊಲಿಯುತ್ತಾ ಕೂತಿದ್ದರು. ನಾಲ್ಕಕ್ಕೆ ಮುಂಚೆ, ಯಾರೂ ಇಲ್ಲದಾಗ ಹೋಗಿ ನಿಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ ನನ್ನದು. ಆಕೆ ಕಳ್ಳ ಎನ್ನುವ ಮುಂಚೆಯೇ ಮುಟ್ಟಿಕೊಂಡೆ.

"ನೀವು ಯಾಕೆ ಗುಂಪಲ್ಲಿ ಏನೂ ಬರೀಲಿಲ್ಲ?"

"ಏನಂತ ಬರೀಬೇಕಿತ್ತು?"

"ನಡೆದಿದ್ದು."

ದಾರವನ್ನು ಹಲ್ಲಿನಿಂದ ಕಡಿದರು. "ನಾನು ಕೂಗೋಕೆ ಮುಂಚೆ ನಿಮ್ಮ ಕಡೆ ನೋಡಿದೆ ಅಣ್ಣ. ನಿಮಗೆ ಕಂಡಿರುತ್ತೆ ಅಂತ. ನಿಮ್ಮ ತಲೆ ಕೆಳಗಿತ್ತು. ಮೇಷ್ಟ್ರ ಕಡೆ ನೋಡಿದೆ. ಅವರದೂ ಕೆಳಗೆ. ಆಮೇಲೆ ಕೋಲು ತಗೊಂಡೆ."

ನಾನು ಗೋಡೆಯ ಮೇಲಿನ ಕೋಲಿನತ್ತ ನೋಡಿದೆ.

"ತಪ್ಪು ತಿದ್ದೋದು ನಿಮ್ಮ ಕೆಲಸ ಅಲ್ವಾ, ನಂದಲ್ಲ. ನಾನು ಬಟ್ಟೆ ಹೊಲಿಯೋಳು." ಕೋಪದಲ್ಲಿ ಹೇಳಲಿಲ್ಲ. ಕೋಪದಲ್ಲಿ ಹೇಳಿದ್ದರೆ ಉತ್ತರ ಕೊಡುತ್ತಿದ್ದೆ. "ನನಗೇನೂ ಬೇಡ. ಆ ಮೇಷ್ಟ್ರ ಮನೆ ಕಥೆ ಕೇಳಿದ್ರಾ?"

ಕೇಳಿರಲಿಲ್ಲ. ಅವರ ಮನೆಗೆ ಪರದೆ ಹೊಲಿದು ಕೊಡಲು ಹೋದಾಗ ಕಂಡದ್ದನ್ನು ಆಕೆ ಹೇಳಿದರು. ಸೊಸೆ ಮಾವನ ಜೊತೆ ಮಾತು ಬಿಟ್ಟಿದ್ದಾಳೆ. ಅಜ್ಜ ಫೋನು ನೋಡುತ್ತಾ ಕೂತಿದ್ದ, ದೇವರಂಥ ಗಾರ್ಡ್ ಇದ್ದದ್ದಕ್ಕೆ ಮಗು ಉಳಿಯಿತು ಎಂಬುದು ಅವಳ ಮಾತು. ಮೇಷ್ಟ್ರ ಊಟ ಬಾಲ್ಕನಿಗೆ ಹೋಗುತ್ತದೆ, ಒಂದೇ ತಟ್ಟೆ. ಮೊಮ್ಮಗಳನ್ನು ಅವರ ಕೈಗೆ ಕೊಡುವುದಿಲ್ಲ, ಬಾಗಿಲಾಚೆ ಕರೆದುಕೊಂಡು ಹೋಗುವುದಕ್ಕೂ. ತಿಂಗಳ ಕೊನೆಗೆ ಹಡಗಿನಿಂದ ಮಗ ಫೋನು ಮಾಡಿದಾಗ, ಅಪ್ಪನನ್ನು ಬೇರೆ ಎಲ್ಲಾದರೂ ಇರಿಸುವ ಮಾತು ತೆಗೆಯುತ್ತಾಳಂತೆ.

"ಅವರೇನೂ ಹೇಳಲ್ವಾ?" ಎಂದೆ.

"ಏನು ಹೇಳ್ತಾರೆ? ನಂದೇ ತಪ್ಪು ಅಂತಾರೆ."

ಬಳಗದಲ್ಲಿ ಯಾರೋ ಒದ್ದೆ ತಲೆಯಿಂದ ನೆಗಡಿ ಬರುತ್ತದೆ ಎಂದು ಬರೆದಿದ್ದರು. ಓದಿ ಮುಂದೆ ಹೋದೆ.

ಏಪ್ರಿಲ್ 25, ಮಂಗಳವಾರ

ಮನೆಯಲ್ಲಿ ಯಾರೂ ಇಲ್ಲದಾಗ ಒಂದು ಪ್ರಯೋಗ ಮಾಡಿದೆ. ಅಳಿಸಿದ ಆ ಉತ್ತರ ಅಕ್ಷರ ಅಕ್ಷರ ನೆನಪಿದೆ. ಗಡಿಯಾರ ಮುಂದಿಟ್ಟುಕೊಂಡು ಅದನ್ನೇ ಮತ್ತೆ ಬರೆದೆ. ರೆಪ್ಪೆ ಮಿಟುಕಿಸುವಷ್ಟು ಎಂದುಕೊಂಡಿದ್ದೆನಲ್ಲ.

ಒಂದು ನಿಮಿಷ ಹತ್ತು ಸೆಕೆಂಡು. ಮೊದಲ ಸಲ ತಪ್ಪಾಗಿರಬಹುದೆಂದು ಎರಡನೇ ಸಲ ಬರೆದೆ. ಒಂದು ನಿಮಿಷ ಎಂಟು. ಮೂರನೇ ಸಲಕ್ಕೆ ಬೆರಳು ಏಳಲಿಲ್ಲ.

ಏಪ್ರಿಲ್ 26, ಬುಧವಾರ

ಬಳಗಕ್ಕೆ ಬರೆಯಲು ಕೂತೆ. "ನಡೆದದ್ದರ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ" ಎಂದು ಶುರು ಮಾಡಿದೆ. ಎಷ್ಟು ಸಲೀಸಾಗಿ ಬಂತು ಆ ಸಾಲು. ಮುಂದಿನದು ಬರಲಿಲ್ಲ. ಕರಾರು ನೆನಪಾಯಿತು, ಮನೆ ಬಾಡಿಗೆ ನೆನಪಾಯಿತು, ಈ ವಯಸ್ಸಿಗೆ ಇನ್ನೆಲ್ಲಿ ಯಾರು ಕುರ್ಚಿ ಕೊಡುತ್ತಾರೆ ಎಂಬುದೂ ನೆನಪಾಯಿತು. ಮಗು ಬದುಕಿದೆಯಲ್ಲ, ಇನ್ನು ಕೆದಕಿ ಯಾರಿಗೆ ಲಾಭ ಎಂದುಕೊಂಡೆ. ಕೊನೆಗೆ ಎಲ್ಲವನ್ನೂ ಒರೆಸಿದೆ.

ಇವಳು ಎದುರು ಬಂದು ಕೂತಳು. "ಏನಾಯ್ತು ಹೇಳಿ. ಒಂದು ವಾರದಿಂದ ನೀವು ಯಾರಿಗೂ ತಪ್ಪು ಅಂತ ಹೇಳಿಲ್ಲ. ನನಗೆ ಭಯ ಆಗ್ತಿದೆ."

ಹೇಳಿದೆ. ಎಲ್ಲವನ್ನೂ, ಸೆಕೆಂಡಿನ ಲೆಕ್ಕದ ಸಮೇತ. ಬೈಯುತ್ತಾಳೆ ಅಂದುಕೊಂಡಿದ್ದೆ. ನನ್ನ ಫೋನನ್ನು ಮಗುಚಿಟ್ಟಳು.

"ಆ ಮಗು ನಮ್ಮದಾಗಿದ್ದಿದ್ರೆ?" ಎಂದಳು. ಅಷ್ಟೇ ಎಂದಳು.

ಏಪ್ರಿಲ್ 28, ಶುಕ್ರವಾರ

ಬೆಳಿಗ್ಗೆ ಕರಾರಿನ ಕಾಗದ ಮೇಜಿನ ಮೇಲಿತ್ತು, ಪೆನ್ನಿನ ಮುಚ್ಚಳ ತೆಗೆದೇ ಇಟ್ಟಿದ್ದರು. ಸಹಿ ಹಾಕುವ ಮುಂಚೆ ಒಂದು ಮಾತಿದೆ ಎಂದು ಹೇಳಿಬಿಟ್ಟೆ. ಮ್ಯಾನೇಜರು ಎದ್ದು ಬಾಗಿಲು ಮುಚ್ಚಿದರು.

"ಯಾರಿಗೂ ಗೊತ್ತಿಲ್ಲ ಅಂದ್ಮೇಲೆ ಯಾಕ್ರೀ ಹೇಳ್ತೀರಾ?"

"ಟೈಲರಮ್ಮನಿಗೆ ಗೊತ್ತು."

"ಆಯಮ್ಮ ಬಾಯಿ ಬಿಡಲ್ಲ."

"ನನಗೂ ಗೊತ್ತಲ್ಲ ಸಾರ್."

ಮೇಜಿನ ಮೇಲೆ ಬೆರಳು ಕುಟ್ಟಿದರು. "ಫೋನ್ ಇಟ್ಕೊಳಿ ಅಂತ ನಾನು ಹೇಳಿದ್ದನ್ನ ಬರೀಬೇಡಿ, ಕೈ ಮುಗೀತೀನಿ" ಎಂದರು. ಬರೆಯುವುದಿಲ್ಲ ಎಂದೆ. ಹೇಳಿದ್ದು ಅವರು, ತೊಡೆಯ ಮೇಲೆ ಇಟ್ಟುಕೊಂಡದ್ದು ನಾನು. ಆದರೆ ಇಬ್ಬರು ಗಾರ್ಡ್ ಬರುವ ತನಕ ಮಕ್ಕಳ ಹೊತ್ತು ನಿಲ್ಲಿಸದಿದ್ದರೆ ಅದನ್ನು ಮೇಲಿನವರಿಗೆ ಬರೆಯುತ್ತೇನೆ ಎಂದೂ ಹೇಳಿದೆ. ಕಾಗದವನ್ನು ಡ್ರಾಯರಿಗೆ ಹಾಕಿಕೊಂಡರು. ಮಧ್ಯಾಹ್ನದೊಳಗೆ ಮಕ್ಕಳ ಹೊತ್ತು ರದ್ದು ಎಂಬ ಚೀಟಿ ಗೇಟಿಗೆ ಅಂಟಿತು. ನಾಳೆಯಿಂದ ನಾನೂ ಬರಬೇಕಾಗಿಲ್ಲ.

ಸಂಜೆ ಮನೆಗೆ ಬಂದು ಬಳಗಕ್ಕೆ ನಾಲ್ಕು ಸಾಲು ಹಾಕಿದೆ. ಮಗುವನ್ನು ಕಂಡವರು, ಕೋಲಿನಿಂದ ಹಿಡಿದವರು ಟೈಲರಮ್ಮ. ನಾನು ಆಗ ಕುರ್ಚಿಯ ಮೇಲೆ ಕೂತು ಫೋನಿನಲ್ಲಿ ಬರೆಯುತ್ತಿದ್ದೆ. ಆ ಬರಹವನ್ನು ಆಮೇಲೆ ಅಳಿಸಿದವನೂ ನಾನೇ. ಉತ್ತರಗಳು ಬರತೊಡಗಿದವು. ಮೊದಲ ಮೂರು ಓದಿದೆ, ಮೂರೂ ನ್ಯಾಯವಾದವು. ಫೋನನ್ನು ಇವಳ ಕೈಗೆ ಕೊಟ್ಟು ಮೇಷ್ಟ್ರ ಮನೆಗೆ ಹೊರಟೆ. ಆ ಸೊಸೆ ಬಳಗದಲ್ಲಿಲ್ಲ. ಅವಳಿಗೆ ಎದುರು ನಿಂತೇ ಹೇಳಬೇಕಿತ್ತು.

ಮೂರನೇ ಮಹಡಿ. ಬಾಗಿಲು ತೆಗೆದವಳು ನನ್ನನ್ನು ಗುರುತು ಹಿಡಿದು ಎರಡೂ ಕೈ ಜೋಡಿಸಿದಳು. ಅದಕ್ಕಿಂತ ದೊಡ್ಡ ಹೊಡೆತ ಬೇಕಿರಲಿಲ್ಲ. "ಬನ್ನಿ ಬನ್ನಿ, ನಾವೇ ನಿಮ್ಮನೆಗೆ ಬರಬೇಕಿತ್ತು, ಊಟದ ಹೊತ್ತಿಗೆ ಬಂದಿದೀರಾ, ಊಟ ಮಾಡ್ಕೊಂಡೇ ಹೋಗ್ಬೇಕು" ಎಂದು ನೀರು ತಂದುಕೊಟ್ಟಳು. ಕಪ್ಪೆಮರಿ ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿ ಏನೋ ಬಣ್ಣ ತುಂಬುತ್ತಿದ್ದಳು. ಬಾಲ್ಕನಿಯಲ್ಲಿ ಮೇಷ್ಟ್ರ ಬೆನ್ನು ಕಾಣುತ್ತಿತ್ತು. ತಿರುಗಲಿಲ್ಲ.

ನಾನು ಕೂರಲಿಲ್ಲ. ನಿಂತೇ ಹೇಳಿದೆ. ಬಳಗಕ್ಕೆ ಬರೆದಷ್ಟು ಸಲೀಸಾಗಿ ಬರಲಿಲ್ಲ, ಎರಡು ಕಡೆ ನಾಲಿಗೆ ತಡವರಿಸಿತು. ಅವಳ ಮುಖದ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲು ಕಣ್ಣಿನಿಂದ ಹೋಯಿತು, ಬಾಯಲ್ಲಿ ಇನ್ನೂ ಸ್ವಲ್ಪ ಹೊತ್ತು ಇತ್ತು.

"ಎಷ್ಟು ಹೊತ್ತು?" ಎಂದಳು.

"ಏನು?"

"ನೀವು ಎಷ್ಟು ಹೊತ್ತು ನೋಡ್ಲಿಲ್ಲ?"

"ಒಂದು ನಿಮಿಷ ಹತ್ತು ಸೆಕೆಂಡು. ಮನೇಲಿ ಅಳೆದು ನೋಡಿದೆ."

"ಮುಳುಗೋಕೆ ಎಷ್ಟು ಹೊತ್ತು ಬೇಕು?"

"ಅಷ್ಟು ಬೇಡ."

ಮಗುವಿನ ಬಣ್ಣದ ಕಡ್ಡಿ ನಿಂತಿತು. ಅವಳು ಹೋಗಿ ಮಗುವಿನ ಪಕ್ಕ ಕೂತು ತಲೆಯ ಮೇಲೆ ಕೈಯಿಟ್ಟಳು. ನನ್ನನ್ನು ನೋಡಲಿಲ್ಲ.

ಬಾಲ್ಕನಿಯ ಕುರ್ಚಿ ಕಿರ್ರೆಂದಿತು. ಮೇಷ್ಟ್ರು ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತರು. ಎಂಟು ದಿನದಲ್ಲಿ ಹತ್ತು ವರ್ಷ ಹೆಚ್ಚಾಗಿತ್ತು.

"ನನಗೆ ಗೊತ್ತಿತ್ತು ಗಾರ್ಡ್ ಸಾಹೇಬ್ರೆ" ಎಂದರು. "ನಿಮ್ಮ ಉತ್ತರ ಓದ್ತಾ ಇದ್ದೆ. ಓದ್ತಾ ಇರೋವಾಗ್ಲೇ ಆಯಮ್ಮ ಕೂಗಿದ್ದು."

"ಮತ್ತೆ ಯಾಕೆ ಹೇಳ್ಲಿಲ್ಲ ಮೇಷ್ಟ್ರೆ?"

"ಹೇಳೋ ಆಸೆ ಇತ್ತು. ಗಣಿತದೋನಲ್ವಾ, ಭಾಗಾಕಾರ ಮಾಡಿ ನೋಡಿದೆ. ನಿಮಗರ್ಧ ನನಗರ್ಧ ಅಂತ. ಎಷ್ಟು ಸಲ ಮಾಡಿದ್ರೂ ನನ್ನ ಪಾಲು ಅಷ್ಟೇ ಉಳೀತು." ಚೌಕಟ್ಟಿನಿಂದ ಕೈ ತೆಗೆದು, "ಕೆಣಕಿದ್ದೂ ನಾನೇ. ನೀವು ಉತ್ತರ ಕೊಡದೇ ಇರೋರಲ್ಲ ಅಂತ ಗೊತ್ತಿದ್ದೇ ಕೆಣಕಿದ್ದು" ಎಂದರು.

ಲೋಟ ಹಿಡಿದೇ ಅವರಿಗೆ ತಲೆ ಬಾಗಿಸಿದೆ.

ಸೊಸೆ ಎದ್ದು ಬಂದು ನನ್ನ ಕೈಯಿಂದ ನೀರಿನ ಲೋಟ ತೆಗೆದುಕೊಂಡಳು. ಕುಡಿದಿರಲಿಲ್ಲ. ಬಾಗಿಲು ತೆಗೆದು ಹಿಡಿದಳು. ಊಟದ ಮಾತು ಮತ್ತೆ ಬರಲಿಲ್ಲ, ಬರಬೇಕಾದದ್ದೂ ಅಲ್ಲ. ನಾನು ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟುತ್ತಿದ್ದೆ. ಬಾಗಿಲು ಇನ್ನೂ ಪೂರ್ತಿ ಮುಚ್ಚಿರಲಿಲ್ಲ.

"ಮಾವ" ಎಂದಳು ಒಳಗೆ. ದನಿ ಒರಟಾಗಿತ್ತು. "ಎಲ್ಲ ತಣ್ಣಗಾಗ್ತಿದೆ. ಒಳಗೆ ಬನ್ನಿ, ಇಲ್ಲೇ ಹಾಕ್ತೀನಿ."

ಚಿಲಕ ಬಿತ್ತು. ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಒಳಗೆ ಮೇಜಿನ ಮೇಲೆ ತಟ್ಟೆ ಇಡುವ ಸದ್ದು ಕೇಳಿತು. ಒಂದು. ಎರಡು. ಆಮೇಲೆ ಏನೂ ಇಲ್ಲ. ಉಸಿರು ಹಿಡಿದು ನಿಂತಿದ್ದೆ ಎಂದು ಮೂರನೆಯದು ಕೇಳಿದ ಮೇಲೆ ಗೊತ್ತಾಯಿತು.